ನಂದಾದೀಪಕ್ಕೂ ಎಣ್ಣೆ ಬೇಕಲ್ಲವೇ?

"ಏನ್ರೀ, ಹೇಗಿದ್ದೀರಿ?" ಅಂತ ಯಾರಾದರೂ ಕೇಳಿದರೆ ನಾವು ಹೆಂಗಸರು ಏನು ಹೇಳುತ್ತೇವೆ? "ನಮಗೇನ್ರೀ, ಚೆನ್ನಾಗಿದ್ದೀವಿ. ಮಗನಿಗೆ ಪರೀಕ್ಷೆ ಹತ್ತಿರ ಬಂತು, ಇವರಿಗೆ ಮಂಡಿನೋವು, ಅತ್ತೆಯವರಿಗೆ ಸಕ್ಕರೆ ಕಾಯಿಲೆ ಸ್ವಲ್ಪ ಜಾಸ್ತಿ..." ಹೀಗೆ ಮನೆಮಂದಿಯ ಕ್ಷೇಮಸಮಾಚಾರವನ್ನೆಲ್ಲ ಒಪ್ಪಿಸಿಬಿಡುತ್ತೇವೆ. ಅವರು ಕೇಳಿದ್ದು ನಮ್ಮನ್ನು ಅನ್ನೋದೇ ಮರೆತುಹೋಗಿರುತ್ತೆ!

ನಾನೂ ಹಾಗೇ ಇದ್ದವಳು. ವಯಸ್ಸು ಐವತ್ತು ದಾಟಿದೆ. ತೆಂಗಿನ ಸೀಮೆಯ ಒಂದು ತಾಲ್ಲೂಕು ಊರಿನಲ್ಲಿ ನಮ್ಮ ಸಂಸಾರ. ಯಜಮಾನರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮಗಳಿಗೆ ಮದುವೆಯಾಗಿದೆ, ಮಗ ಬೆಂಗಳೂರು ಸೇರಿದ್ದಾನೆ. ಹಾಸಿಗೆ ಹಿಡಿದಿದ್ದ ಅತ್ತೆಯವರನ್ನು ಆರು ವರ್ಷ ನೋಡಿಕೊಂಡೆ. ಅವರು ತೀರಿಕೊಂಡ ಮೇಲೆ ಬಂದವರೆಲ್ಲ, "ಪುಣ್ಯ ಕಟ್ಕೊಂಡೆ ಕಣೇ, ಇನ್ನಾದರೂ ನಿನಗೆ ಆರಾಮ" ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ.

ಆರಾಮ ಬರಲಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ತಾನಾಗಿ ಎಚ್ಚರ ಆಗೋದು. ಆಮೇಲೆ ನಿದ್ದೆ ಇಲ್ಲ. ಎದ್ದು ಕೂತರೆ ಎದೆಯ ಮೇಲೆ ಒರಳುಕಲ್ಲು ಇಟ್ಟಂತೆ ಭಾರ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದೆ ಒಲೆಯ ಮುಂದೆ ನಿಂತೇ ಇರುತ್ತಿದ್ದೆ. ಹನ್ನೊಂದು ಚುಕ್ಕಿಯ ರಂಗೋಲಿ ಹಾಕುತ್ತಿದ್ದ ಬಾಗಿಲಿಗೆ ಎರಡು ಗೆರೆ ಎಳೆದು ಒಳಗೆ ಬರುತ್ತಿದ್ದೆ. ಮಗಳು ಫೋನ್ ಮಾಡಿದರೂ "ಆಮೇಲೆ ಮಾಡ್ತೀನಿ ಕಣೇ" ಅಂತ ಇಟ್ಟುಬಿಡುತ್ತಿದ್ದೆ. ಮತ್ತೆ ಮಾಡುತ್ತಿರಲಿಲ್ಲ. ರಾತ್ರಿ ದೀಪ ಆರಿಸುವಾಗ ಒಂದು ಯೋಚನೆ ಮೆಲ್ಲನೆ ಸುಳಿಯೋದು: ಮಲಗಿದವಳು ಬೆಳಿಗ್ಗೆ ಏಳದೇ ಇದ್ದುಬಿಟ್ಟರೆ ಎಷ್ಟು ಚೆನ್ನ!

"ಯಾಕೇ ಹೀಗಿದ್ದೀಯ? ಏನಾಯ್ತು?" ಅಂತ ಇವರು ಒಂದೆರಡು ಸಲ ಕೇಳಿದ್ದೂ ಉಂಟು. ನನ್ನ ಉತ್ತರ ಒಂದೇ: "ಏನಿಲ್ಲ."

ಸೋದರಿಯರೇ, ಈ ‘ಏನಿಲ್ಲ’ ಎಂಬ ಮಾತಿನ ವಿಷಯವನ್ನೇ ಇವತ್ತು ನಿಮ್ಮ ಹತ್ತಿರ ಹೇಳಿಕೊಳ್ಳಬೇಕು ಅಂತ ಕೂತಿದ್ದೇನೆ.

ನನ್ನ ಭಕ್ತಿಯಲ್ಲೇ ಕೊರತೆಯೇ?

ಊರು ಚಿಕ್ಕದಾದರೆ ಸಲಹೆಗಳಿಗೇನು ಬರ? ಒಬ್ಬರು ದೃಷ್ಟಿ ತೆಗೆದರು. ಮತ್ತೊಬ್ಬರು ತಾಯತ ಕಟ್ಟಿಸಿಕೊಳ್ಳಿ ಅಂದರು. ಪಕ್ಕದ ಮನೆಯವರು ತುಂಬ ಒಳ್ಳೆಯವರು, "ಹದಿನಾರು ಸೋಮವಾರದ ವ್ರತ ಹಿಡೀರಿ, ಮನಸ್ಸು ಹಗುರ ಆಗುತ್ತೆ" ಅಂದರು. ಹಿಡಿದೆ. ಮೊದಲೇ ಊಟ ಸೇರದ ಮೈ, ಮೇಲೆ ಉಪವಾಸ. ಏಳನೇ ಸೋಮವಾರ ದೇವರ ಮನೆಯಲ್ಲಿ ಕೂತಿದ್ದಾಗ ಕಣ್ಣು ಕತ್ತಲೆ ಬಂತು. ಹೂವು ಕೈಯಲ್ಲೇ ಉಳಿಯಿತು.

ಅವತ್ತು ನನಗಾದ ನೋವು ತಲೆ ಸುತ್ತಿದ್ದಕ್ಕಲ್ಲ. ‘ಇಷ್ಟು ಮಾಡಿದರೂ ಮನಸ್ಸಿಗೆ ಶಾಂತಿ ಇಲ್ಲ ಅಂದರೆ ನನ್ನ ಭಕ್ತಿಯಲ್ಲೇ ಏನೋ ಕೊರತೆ ಇದೆ, ದೇವರಿಗೂ ನಾನು ಬೇಡವಾಗಿದ್ದೇನೆ’ ಅನ್ನಿಸಿತು. ಜೀವನದಲ್ಲಿ ಇದ್ದ ಒಂದು ಆಸರೆಯೂ ಕೈ ಜಾರಿದ ಹಾಗಾಯಿತು.

ಆ ವಾರವೇ ನನ್ನ ನಾದಿನಿ ನಾಲ್ಕು ದಿನ ಇರೋಣ ಅಂತ ಬಂದಳು. ಶಾಲೆಯಲ್ಲಿ ಮೇಡಂ ಆಗಿದ್ದವಳು. ಮಕ್ಕಳ ಮುಖ ನೋಡಿಯೇ ಹೊಟ್ಟೆಗೆ ಹಾಕಿದ್ದಾವೋ ಇಲ್ಲವೋ ಅಂತ ಹೇಳುವ ಜಾಣೆ. ಎರಡು ದಿನ ಸುಮ್ಮನೆ ನೋಡಿದಳು. ಮೂರನೇ ದಿನ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಕೇಳಿದಳು:

"ಅತ್ತಿಗೆ, ರಾತ್ರಿ ನಿದ್ದೆ ಬರ್ತಿದೆಯಾ?"

"ಏನಿಲ್ಲಮ್ಮ, ಎಲ್ಲ ಸರಿಯಾಗಿದೆ."

"‘ಏನಿಲ್ಲ’ ಅಂದರೆ ನನ್ನ ಪ್ರಶ್ನೆಗೆ ಉತ್ತರ ಆಗಲಿಲ್ಲ ಅತ್ತಿಗೆ. ನಿದ್ದೆ ಬರುತ್ತಾ, ಇಲ್ಲವಾ?"

ಅಷ್ಟೇ. ನನಗೆ ಅಳು ಕಟ್ಟೆಯೊಡೆಯಿತು. ಅವಳು ಸಮಾಧಾನದ ದೊಡ್ಡ ಮಾತು ಏನೂ ಆಡಲಿಲ್ಲ. ಮೊರ ಪಕ್ಕಕ್ಕೆ ಸರಿಸಿ ನನ್ನ ಕೈ ಹಿಡಿದು ಕೂತಳು. ಮಾರನೇ ದಿನ ಬಸ್ಸು ಹತ್ತಿಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದಳು. ಮನೋವೈದ್ಯರು ಎಂಬ ಫಲಕ ನೋಡಿ ನನ್ನ ಕಾಲು ಹಿಂದಕ್ಕೆ ಎಳೆಯಿತು. "ಯಾರಾದರೂ ಪರಿಚಯದವರು ನೋಡಿದರೆ?" ಅಂದೆ. "ಅವರೂ ಇಲ್ಲಿಗೇ ಬಂದಿರ್ತಾರಲ್ಲ, ಬನ್ನಿ" ಅಂದಳು!

ವೈದ್ಯರು ಕೇಳಿದ ಪ್ರಶ್ನೆಗಳು ಸಾದಾ ಸೀದಾ. ನಿದ್ದೆ ಹೇಗಿದೆ, ಹಸಿವು ಹೇಗಿದೆ, ಮೊದಲು ಇಷ್ಟವಾಗುತ್ತಿದ್ದದ್ದು ಈಗಲೂ ಇಷ್ಟ ಆಗುತ್ತಾ, ಎಷ್ಟು ದಿನದಿಂದ ಹೀಗೆ? ಕೊನೆಗೆ ಮೆಲುದನಿಯಲ್ಲಿ, "ಜೀವ ಬೇಡ ಅನ್ನಿಸುತ್ತಾ ಅಮ್ಮಾ?" ಅಂದರು. ಯಾರಿಗೂ ಹೇಳದಿದ್ದ ಮಾತು ಅವತ್ತು ಹೊರಗೆ ಬಂತು. ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದುಬಿಡುತ್ತೆ ಅಂತ ಎಷ್ಟೋ ಜನ ಹೆದರುತ್ತಾರೆ. ಅದು ತಪ್ಪು ಭಯ. ಕೇಳುವವರು ಸಿಕ್ಕಿದರೆ ಹೊರೆ ಇಳಿಯುತ್ತದೆ. ಇದು ನನ್ನ ಅನುಭವ ಮಾತ್ರವಲ್ಲ, ವೈದ್ಯರೂ ಹೇಳುವ ಮಾತು.

ರಕ್ತ ಪರೀಕ್ಷೆ ಮಾಡಿಸಿದರು. ಹೆಂಗಸರಿಗೆ ಹಿಮೋಗ್ಲೋಬಿನ್ 12 ಆದರೂ ಇರಬೇಕು, ನನಗೆ ಇದ್ದದ್ದು 9. "ರಕ್ತಹೀನತೆಯೂ ಇದೆ, ಖಿನ್ನತೆಯ ಕಾಯಿಲೆಯೂ ಇದೆ. ಎರಡಕ್ಕೂ ಔಷಧಿ ಉಂಟು" ಅಂದರು. ನಾನು ಅಳುಕುತ್ತಲೇ ವ್ರತದ ವಿಷಯ ಕೇಳಿದೆ. ಅವರು ನಕ್ಕು, "ಪೂಜೆ ಬಿಡಬೇಡಿ ಅಮ್ಮಾ, ಉಪವಾಸ ಬಿಡಿ" ಅಂದರು. ಆ ಒಂದು ಮಾತಿನಿಂದ ನನ್ನ ದೇವರು ನನಗೆ ವಾಪಸು ಸಿಕ್ಕಿದ ಹಾಗಾಯಿತು.

ಇದು ಸೋಮಾರಿತನವಲ್ಲ

ಬೇಸರ ಯಾರಿಗಿಲ್ಲ? ಹಾಲು ಉಕ್ಕಿದರೆ ಬೇಸರ, ಗಂಡ ಗದರಿದರೆ ಬೇಸರ, ತೌರಿನಿಂದ ಹಬ್ಬಕ್ಕೆ ಕರೆ ಬರದಿದ್ದರೆ ಬೇಸರ. ಅದು ಬಂದ ದಾರಿಯಲ್ಲೇ ಹೋಗುತ್ತೆ. ಖಿನ್ನತೆ ಹಾಗಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ, ಬಹುಪಾಲು ದಿನವಿಡೀ, ಮನಸ್ಸು ಕುಗ್ಗಿದ್ದರೆ ಅಥವಾ ಯಾವುದರಲ್ಲೂ ಆಸಕ್ತಿಯೇ ಇಲ್ಲದಿದ್ದರೆ, ಅದರ ಜೊತೆಗೆ ನಿದ್ದೆ ಕೆಟ್ಟಿದ್ದರೆ, ಹಸಿವು ಕೆಟ್ಟಿದ್ದರೆ, ಸದಾ ಸುಸ್ತು ಇದ್ದರೆ, ಗಮನ ನಿಲ್ಲದಿದ್ದರೆ, ‘ನಾನು ಯಾತಕ್ಕೂ ಬಾರದವಳು’ ಅನ್ನಿಸುತ್ತಿದ್ದರೆ, ಸಾವಿನ ಯೋಚನೆ ಬರುತ್ತಿದ್ದರೆ, ಅದನ್ನು ಕಾಯಿಲೆ ಅಂತಲೇ ಎಣಿಸಬೇಕು.

ನಮ್ಮ ಕಡೆ ಇದು ಎಷ್ಟೋ ಸಲ ಮೈನೋವಿನ ವೇಷದಲ್ಲಿ ಬರುತ್ತದೆ. ತಲೆನೋವು, ಬೆನ್ನು ಸೆಳೆತ, ಮೈಯೆಲ್ಲ ಉರಿ, ಹೊಟ್ಟೆ ತೊಳಸು, ಎದೆ ಢವಢವ. ಒಂದಾದ ಮೇಲೊಂದು ವೈದ್ಯರನ್ನು ಕಂಡು, ಗ್ಲೂಕೋಸು ಹಾಕಿಸಿಕೊಂಡು ಬಂದರೂ ಗುಣ ಕಾಣುವುದಿಲ್ಲ. ‘ಮೈ ನೋವು’ ಅಂದರೆ ಮನೆಯವರು ನಂಬುತ್ತಾರೆ, ‘ಮನಸ್ಸಿಗೆ ನೋವು’ ಅಂದರೆ ನಗುತ್ತಾರೆ. ಹಾಗಾಗಿ ನಾವೂ ಮೈಯನ್ನೇ ಮುಂದೆ ಮಾಡುತ್ತೇವೋ ಏನೋ!

ಇನ್ನೊಂದು ಕಡೆಯಿಂದಲೂ ಯೋಚಿಸಬೇಕು. ರಕ್ತಹೀನತೆ, ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆ ಇದ್ದರೂ ಇದೇ ರೀತಿ ಸುಸ್ತು, ಮಂಕು, ಮರೆವು ಬರುತ್ತದೆ. ಆದ್ದರಿಂದ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಜಾಣತನ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಬಿಸಿಯೇರುವುದು, ನಿದ್ದೆ ಕೆಡುವುದು, ಸಿಡುಕು ಇವೆಲ್ಲ ಇರುತ್ತವೆ. ‘ವಯಸ್ಸಾಯ್ತು ಬಿಡು’ ಅಂತ ನುಂಗಿಕೊಳ್ಳದೆ ಅದನ್ನೂ ವೈದ್ಯರಿಗೆ ಹೇಳಬೇಕು.

ಬಾಣಂತಿಯರ ಮಾತು ಬೇರೆಯೇ ಹೇಳಬೇಕು. ಹೆರಿಗೆಯಾದ ಮೊದಲ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು ಬಹಳ ಜನಕ್ಕೆ ಉಂಟು. ಎರಡು ವಾರದೊಳಗೆ ಅದು ತಾನಾಗಿ ಸರಿಹೋಗುತ್ತದೆ. ಹೋಗದಿದ್ದರೆ ಚಿಕಿತ್ಸೆ ಬೇಕು. ಬಾಣಂತಿ ನಿದ್ದೆಯೇ ಮಾಡದೆ ಏನೇನೋ ಮಾತಾಡುತ್ತಿದ್ದರೆ, ಇಲ್ಲದ್ದು ಕಾಣುತ್ತೆ ಕೇಳುತ್ತೆ ಅಂದರೆ, ಮಗುವಿನ ಬಗ್ಗೆ ವಿಚಿತ್ರ ಭಯ ಪಡುತ್ತಿದ್ದರೆ ಒಂದು ದಿನವೂ ತಡಮಾಡಬಾರದು. ಹಿರಿಯರು ‘ಬಾಣಂತಿ ಸನ್ನಿ’ ಅನ್ನುತ್ತಿದ್ದದ್ದು ಇದನ್ನೇ. ಬೇಗ ಚಿಕಿತ್ಸೆ ಸಿಕ್ಕಿದರೆ ತಾಯಿ ಪೂರ್ತಿ ಗುಣವಾಗುತ್ತಾಳೆ.

‘ಶರಪಂಜರ’ದ ಕಾವೇರಿ ನಮಗೆ ಹೇಳಿದ್ದು

ಈ ವಿಷಯ ಬಂದಾಗ ತ್ರಿವೇಣಿಯವರನ್ನು ನೆನೆಯದೆ ಇರುವುದು ಹೇಗೆ? ಮನಶ್ಶಾಸ್ತ್ರ ಓದಿದ್ದ ಆ ತಾಯಿ ಬದುಕಿದ್ದು 1928ರಿಂದ 1963ರವರೆಗೆ, ಮೂವತ್ತೈದು ವರ್ಷವೂ ತುಂಬಲಿಲ್ಲ. ಆದರೆ ಕನ್ನಡದ ಹೆಣ್ಣುಮಕ್ಕಳ ಮನಸ್ಸಿನೊಳಗೆ ಏನಾಗುತ್ತದೆ ಎಂಬುದನ್ನು ಕಾದಂಬರಿಗಳಲ್ಲಿ ಬಿಡಿಸಿ ಹೇಳಿಹೋದರು. ಅವರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ಚಲನಚಿತ್ರ ಮಾಡಿದರು. ಕಾವೇರಿಯಾಗಿ ಕಲ್ಪನಾ ಅವರ ಅಭಿನಯ ಕಂಡು ಅತ್ತವರು ನಮ್ಮ ನಿಮ್ಮ ಮನೆಗಳಲ್ಲೇ ಎಷ್ಟು ಜನ!

ನಾನು ಆ ಚಿತ್ರವನ್ನು ಮೊದಲು ನೋಡಿದಾಗ ‘ಪಾಪ, ಹುಚ್ಚು ಹಿಡಿದ ಹೆಂಗಸಿನ ಕಥೆ’ ಅಂದುಕೊಂಡಿದ್ದೆ. ಗುಣವಾದ ಮೇಲೆ ಟಿವಿಯಲ್ಲಿ ಮತ್ತೊಮ್ಮೆ ನೋಡಿದೆ. ಆಗ ಬೇರೆಯೇ ಒಂದು ವಿಷಯ ಹೊಳೆಯಿತು. ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗುತ್ತಾಳೆ. ಅವಳನ್ನು ಮತ್ತೆ ಬೀಳಿಸಿದ್ದು ಕಾಯಿಲೆಯೊಂದೇ ಅಲ್ಲ. ಗುಣವಾಗಿ ಮನೆಗೆ ಬಂದವಳನ್ನು ಗಂಡನೂ ನೆರೆಹೊರೆಯೂ ಅನುಮಾನದಿಂದ ನೋಡಿದರು, ಅವಳ ಮಾತಿಗೆ ಬೆಲೆ ಕೊಡಲಿಲ್ಲ. ಐವತ್ತು ವರ್ಷ ಕಳೆದರೂ ಆ ಪಾಠ ಹಳೆಯದಾಗಿಲ್ಲ. ಮಾತ್ರೆ ಕೊಡುವುದು ವೈದ್ಯರ ಕೆಲಸ, ಮಾತು ಕೊಡುವುದು ಮನೆಯವರ ಕೆಲಸ. ಎರಡೂ ಸಿಕ್ಕಿದರೆ ಕಾವೇರಿಯಂಥವರು ಉಳಿಯುತ್ತಾರೆ.

ನನ್ನ ಅದೃಷ್ಟಕ್ಕೆ ಎರಡೂ ಸಿಕ್ಕಿದವು. "ಮೊದಲ ಎರಡು ಮೂರು ವಾರ ಏನೂ ಗೊತ್ತಾಗಲ್ಲ, ಮಾತ್ರೆ ಬಿಡಬೇಡಿ" ಅಂತ ವೈದ್ಯರು ಮೊದಲೇ ಹೇಳಿದ್ದರು. ಹಾಗೇ ಆಯಿತು. ಆರನೇ ವಾರದ ಹೊತ್ತಿಗೆ ಒಂದು ಬೆಳಿಗ್ಗೆ ಬಾಗಿಲು ಸಾರಿಸಿ ರಂಗೋಲಿ ಹಾಕಿ ಎದ್ದೆ. ಇವರು ಹಾಲು ತರಲು ಹೊರಟವರು ನಿಂತು, "ಇವತ್ತು ಹನ್ನೊಂದು ಚುಕ್ಕಿ!" ಅಂದರು. ಅಲ್ಲಿಯವರೆಗೂ ಅವರು ಎಣಿಸುತ್ತಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ.

ದಿನಚರಿಯೊಳಗೊಂದು ಬೇಲಿ

ಮನಸ್ಸು ಕಾಯಿಲೆ ಬೀಳುವವರೆಗೆ ಯಾಕೆ ಕಾಯಬೇಕು? ಗಿಡಕ್ಕೆ ಬೇಲಿ ಹಾಕಿದ ಹಾಗೆ ದಿನಚರಿಯಲ್ಲೇ ಸ್ವಲ್ಪ ಕಾವಲು ಇಟ್ಟುಕೊಳ್ಳಬಹುದು. ಇದಕ್ಕೆ ಕಾಸು ಖರ್ಚಿಲ್ಲ, ಯಾವ ಆಶ್ರಮಕ್ಕೂ ಹೋಗಬೇಕಾಗಿಲ್ಲ.

ಮೊದಲನೆಯದು ನಿದ್ದೆ. ಎಲ್ಲರಿಗಿಂತ ತಡವಾಗಿ ಮಲಗಿ ಎಲ್ಲರಿಗಿಂತ ಬೇಗ ಏಳುವವಳೇ ಗೃಹಿಣಿ ಅಂತ ಹೊಗಳುತ್ತಾರೆ. ಆ ಹೊಗಳಿಕೆಗೆ ಮರುಳಾಗಬೇಡಿ. ದೊಡ್ಡವರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು. ಪಾತ್ರೆ ಬೆಳಿಗ್ಗೆ ತೊಳೆದರೆ ಲೋಕ ಮುಳುಗುವುದಿಲ್ಲ. ಸಂಜೆಯಾದ ಮೇಲೆ ಕಾಫಿ, ಟೀ ಬೇಡ. ಮಲಗುವ ಮುಂಚೆ ಒಂದು ಗಂಟೆ ಮೊಬೈಲು ಅಡುಗೆಮನೆಯಲ್ಲೇ ಇರಲಿ. ನಿದ್ದೆ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ತಂದು ನುಂಗುವುದು ಬಹಳ ಅಪಾಯ, ಅವುಗಳಲ್ಲಿ ಕೆಲವು ಚಟವಾಗಿ ಅಂಟಿಕೊಳ್ಳುತ್ತವೆ.

ಎರಡನೆಯದು ಊಟ. ಉಳಿದದ್ದನ್ನು ತಿನ್ನುವುದು, ತಂಗಳು ನಮಗೆ, ಬಿಸಿ ಅವರಿಗೆ. ಈ ಪದ್ಧತಿ ಇನ್ನು ಸಾಕು. ವಾರಕ್ಕೆ ನಾಲ್ಕು ದಿನವಾದರೂ ಎಲ್ಲರ ಜೊತೆ ಕೂತು ಬಿಸಿಯಾಗಿ ಉಣ್ಣಿ. ನುಗ್ಗೆಸೊಪ್ಪಿನ ಪಲ್ಯ, ಹುರುಳಿಕಾಳಿನ ಬಸ್ಸಾರು ಮಾಡಿದ ದಿನ ಮೇಲೆ ಒಂದಿಷ್ಟು ನಿಂಬೆರಸ ಹಿಂಡಿಕೊಂಡರೆ, ಇಲ್ಲವೇ ಜೊತೆಗೆ ನೆಲ್ಲಿಕಾಯಿ ಚಟ್ನಿ ಇದ್ದರೆ, ಅವುಗಳಲ್ಲಿರುವ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಹಿಡಿಯುವುದು ಕಡಿಮೆ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಮೂರನೆಯದು ಬಿಸಿಲು ಮತ್ತು ನಡಿಗೆ. ಮನೆಯೊಳಗೆ ಎಷ್ಟು ಓಡಾಡಿದರೂ ಅದು ನಡಿಗೆಯಾಗದು. ಬೆಳಗಿನ ಬೆಳಕಿನಲ್ಲಿ ಅರ್ಧ ಗಂಟೆ ಹೊರಗೆ ನಡೆದರೆ ರಾತ್ರಿ ನಿದ್ದೆಯೂ ಸರಿಹೋಗುತ್ತದೆ, ಕುಗ್ಗಿದ ಮನಸ್ಸೂ ಏಳುತ್ತದೆ. ಒಬ್ಬರೇ ಹೋಗಲು ಸಂಕೋಚವಾದರೆ ಎದುರುಮನೆಯವರನ್ನೂ ಕರೆಯಿರಿ. ಅವರೂ ಯಾರಾದರೂ ಕರೆಯಲಿ ಅಂತಲೇ ಕಾಯುತ್ತಿರಬಹುದು!

ನಾಲ್ಕನೆಯದು ಉಸಿರು. ಎದೆ ಢವಗುಟ್ಟಿದಾಗ, ಸಿಟ್ಟು ನೆತ್ತಿಗೇರಿದಾಗ ಕೂತಲ್ಲೇ ಮಾಡಬಹುದು. ಮನಸ್ಸಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಐದು ನಿಮಿಷ ಸಾಕು. ಹೊರಬಿಡುವ ಉಸಿರು ದೀರ್ಘವಾದಷ್ಟೂ ಎದೆಬಡಿತ ನಿಧಾನವಾಗುತ್ತದೆ. ಕುಕ್ಕರು ಕೂಗುವವರೆಗೆ ಕಾಯುವ ಹೊತ್ತಿನಲ್ಲೇ ಇದು ಮುಗಿಯುತ್ತೆ.

ಐದನೆಯದು ನಿಮ್ಮದೇ ಆದ ಅರ್ಧ ಗಂಟೆ. ಅದರಲ್ಲಿ ಯಾರಿಗೂ ಪಾಲಿಲ್ಲ. ಹೊಲಿಗೆಯೋ, ಹಾಡೋ, ಪುಸ್ತಕವೋ, ಸುಮ್ಮನೆ ಜಗುಲಿಯ ಮೇಲೆ ಕೂರುವುದೋ, ನಿಮ್ಮ ಇಷ್ಟ. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ ಮೊದಲು ಪ್ರಕಟವಾದದ್ದು 1943ರಲ್ಲಿ, ಅದರಲ್ಲಿ 945 ಪದ್ಯಗಳಿವೆ. ದಿನಕ್ಕೊಂದರಂತೆ ಓದಿದರೆ ಎರಡೂವರೆ ವರ್ಷಕ್ಕೂ ಮೀರಿ ಬರುತ್ತದೆ. ನಾನು ಈಗ ಇನ್ನೂರು ದಾಟಿದ್ದೇನೆ. ಅರ್ಥವಾಗದ ದಿನ ಇವರನ್ನು ಕೇಳುತ್ತೇನೆ. ಅವರಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ನಗುತ್ತೇವೆ!

ದೇವರ ಮನೆ ಭಯದ ಮನೆಯಾಗದಿರಲಿ

ಇನ್ನು ಪೂಜೆ, ಪ್ರಾರ್ಥನೆಯ ವಿಚಾರ. ನಾನು ಇವತ್ತಿಗೂ ದೀಪ ಹಚ್ಚದೆ ಕಾಫಿ ಕುಡಿಯುವುದಿಲ್ಲ. ಅದರಿಂದ ನನಗೆ ಸಿಗುವ ನೆಮ್ಮದಿ ನನಗೇ ಗೊತ್ತು. ನಿಮ್ಮಲ್ಲಿ ಕೆಲವರು ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಪೂಜಿಸುವವರು, ಕೆಲವರು ಐದು ಹೊತ್ತು ನಮಾಜು ಮಾಡುವವರು, ಕೆಲವರು ಜಪಸರ ಹಿಡಿಯುವವರು, ಕೆಲವರು ಬಸದಿಗೆ ಹೋಗುವವರು. ಯಾವುದಾದರೂ ಸರಿ, ದಿನಕ್ಕೊಮ್ಮೆ ಕೆಲಸದಿಂದ ಕೈ ತೆಗೆದು ಮನಸ್ಸನ್ನು ಒಂದು ಕಡೆ ನಿಲ್ಲಿಸುವುದು ದೊಡ್ಡ ವಿಶ್ರಾಂತಿ. ನಿಧಾನವಾಗಿ ಜಪ ಮಾಡುವಾಗ ಉಸಿರೂ ತಾನಾಗಿ ನಿಧಾನವಾಗುತ್ತದೆ. ಶನಿವಾರದ ಭಜನೆಗೆ ನಾಲ್ಕು ಜನ ಸೇರಿ ತಾಳ ಹಾಕುವಾಗ ಒಂಟಿತನ ಅರ್ಧ ಕರಗಿರುತ್ತೆ.

ಆದರೆ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು: ದೇವರ ಮುಂದಿನಿಂದ ಏಳುವಾಗ ನನ್ನ ಮನಸ್ಸು ಹಗುರವಾಗಿದೆಯೇ, ಭಾರವಾಗಿದೆಯೇ?

ಭಾರವಾಗಿದ್ದರೆ ಎಲ್ಲೋ ಭಯ ನುಸುಳಿದೆ ಅಂತ ಅರ್ಥ. ‘ನೈವೇದ್ಯಕ್ಕೆ ಒಂದು ಬಗೆ ಕಡಿಮೆಯಾಯಿತು, ಏನು ಕೆಡುಕಾಗುವುದೋ’ ಎಂಬ ಭಯ. ‘ಇದನ್ನು ಇಪ್ಪತ್ತೊಂದು ಜನಕ್ಕೆ ಕಳಿಸದಿದ್ದರೆ ಅಶುಭ’ ಅಂತ ವಾಟ್ಸಾಪ್‌ನಲ್ಲಿ ಬರುತ್ತದಲ್ಲ, ಆ ಭಯ. ಮೊದಲು ಇಂಥದ್ದೇ ಕಾರ್ಡಿನಲ್ಲಿ ಬರುತ್ತಿತ್ತು, ಈಗ ಮೊಬೈಲಿನಲ್ಲಿ ಬರುತ್ತದೆ, ಅಷ್ಟೇ. ಅಳಿಸಿಹಾಕಿ ಹಾಯಾಗಿರಿ. ನಾನು ಅಳಿಸಿಹಾಕುತ್ತಿದ್ದೇನೆ, ಏನೂ ಆಗಿಲ್ಲ.

ಸಕ್ಕರೆ ಕಾಯಿಲೆಯವರು, ರಕ್ತ ಕಡಿಮೆ ಇರುವವರು, ಬಸುರಿ ಬಾಣಂತಿಯರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಅಂಶ ತೀರಾ ಇಳಿದು ಪ್ರಜ್ಞೆ ತಪ್ಪುವುದುಂಟು. ಒಂದು ಲೋಟ ಹಾಲು ಕುಡಿದು ಕೈ ಮುಗಿದರೆ ಬೇಡ ಅನ್ನುವ ದೇವರು ಯಾವನೂ ಇಲ್ಲ.

ಮನಸ್ಸಿನ ಕಾಯಿಲೆಗೆ ಮಾಟ, ಗಾಳಿ ಅಂತ ಹೆಸರಿಟ್ಟು ಮಂತ್ರವಾದಿಯ ಹತ್ತಿರ ಎಳೆದೊಯ್ಯುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ದೆವ್ವ ಬಿಡಿಸುತ್ತೇವೆ ಅಂತ ಹೊಡೆಯುವುದು, ಹಿಂಸಿಸುವುದು ನಮ್ಮ ರಾಜ್ಯದಲ್ಲಿ ಅಪರಾಧ. ಅದಕ್ಕಾಗಿ 2017ರಲ್ಲೇ ಕಾನೂನು ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದಿದೆ. ಊರ ದೇವರಿಗೆ ಹರಕೆ ಹೊರುವವರು ಹೊರಲಿ. ಹರಕೆ ಹೊತ್ತ ಮೇಲೂ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಲಿ. ದೇವರು ಕೈ ಹಿಡಿಯುವುದು ವೈದ್ಯರ ರೂಪದಲ್ಲಿ ಅಂತ ನಂಬಿದರೆ ಎರಡಕ್ಕೂ ಜಗಳವೇ ಇಲ್ಲ.

ಎಲ್ಲಿಗೆ ಹೋಗುವುದು, ಯಾರನ್ನು ಕೇಳುವುದು?

‘ಮನಸ್ಸಿನ ಡಾಕ್ಟರು ಅಂದರೆ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕು’ ಎಂಬುದು ಹಳೆಯ ಮಾತು. ನಿಮ್ಹಾನ್ಸ್ ಆ ಹೆಸರು ಪಡೆದದ್ದು 1974ರಲ್ಲಿ. ಅಲ್ಲಿನ ತಜ್ಞರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ಮನೋರೋಗ ಗುರುತಿಸಿ ಔಷಧಿ ಕೊಡುವ ತರಬೇತಿ ಕೊಟ್ಟರು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮ ಕನ್ನಡ ನಾಡಿನ ಬಳ್ಳಾರಿ ಇಡೀ ದೇಶಕ್ಕೆ ದಾರಿ ತೋರಿಸಿತು ಅಂದರೆ ಹೆಮ್ಮೆಯಲ್ಲವೇ? ಈಗ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರ ವಿಭಾಗವಿದೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ವಿಚಾರಿಸಿ ಹೇಳುತ್ತಾರೆ.

ಹೋಗಿಬರಲು ದುಡ್ಡಿಲ್ಲ ಅನ್ನಬೇಡಿ. 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ಹಣ ಕೊಡಬೇಕಾಗಿಲ್ಲ. ದೇವಸ್ಥಾನಕ್ಕೆ, ತೌರಿಗೆ ಹೋಗುವ ಹಾಗೆ ಆಸ್ಪತ್ರೆಗೂ ಹೋಗಬಹುದಲ್ಲ!

ಮನೆಯಿಂದ ಹೊರಡಲಾಗದವರಿಗೆ ಫೋನು ಇದೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಟೆಲಿ ಮಾನಸ್ ಎಂಬ ಸಹಾಯವಾಣಿ ಆರಂಭಿಸಿತು. ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಮನೆಯಲ್ಲಿ ಒಬ್ಬರನ್ನು ಎಬ್ಬಿಸಿ ಹೇಳಿ, ಆ ಸಂಖ್ಯೆಗೆ ಫೋನ್ ಮಾಡಿ. ಮನಸ್ಸಿನ ನೋವಿಗೆ ಕಾರಣ ಮನೆಯಲ್ಲಿನ ಹೊಡೆತ ಬಡಿತವೇ ಆಗಿದ್ದರೆ ಯಾವ ಧ್ಯಾನವೂ ಅದಕ್ಕೆ ಮದ್ದಲ್ಲ. ಅಂಥ ಸೋದರಿಯರು 181 ಸಂಖ್ಯೆಯ ಮಹಿಳಾ ಸಹಾಯವಾಣಿಗೆ ಕರೆ ಮಾಡಬೇಕು. ಸಹಿಸಿಕೊಳ್ಳುವುದಕ್ಕೂ ಒಂದು ಮಿತಿ ಇದೆ.

ಇನ್ನಷ್ಟು ತಿಳಿಯಬೇಕು ಅನ್ನುವವರಿಗೆ, ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಸುಲಭವಾದ ಕನ್ನಡದಲ್ಲಿ ಬರೆದ ಪುಸ್ತಕಗಳು ಬಹಳಷ್ಟಿವೆ. ಊರಿನ ಗ್ರಂಥಾಲಯದಲ್ಲಿ ಕೇಳಿ ನೋಡಿ.

ಮನೆಯವರಿಗೊಂದು ಮಾತು

ಈ ಪುಟವನ್ನು ಗಂಡಸರೂ ಕದ್ದು ಓದುತ್ತಾರೆ ಅಂತ ನನಗೆ ಗೊತ್ತು! ಅವರಿಗೆ ಒಂದೇ ಒಂದು ಮಾತು. ನಿಮ್ಮಾಕೆ ‘ಏನಿಲ್ಲ’ ಅಂದರೆ ಅಲ್ಲಿಗೇ ಬಿಡಬೇಡಿ. ‘ನಿದ್ದೆ ಬಂತಾ? ಊಟ ಮಾಡಿದೆಯಾ?’ ಅಂತ ಬಿಡಿಬಿಡಿಯಾಗಿ ಕೇಳಿ. ‘ಧೈರ್ಯ ತಂದುಕೋ’, ‘ನಿನಗೇನು ಕಡಿಮೆಯಾಗಿದೆ’ ಅಂತ ಹೇಳಬೇಡಿ. ಜ್ವರ ಬಂದವರಿಗೆ ‘ಮೈ ತಣ್ಣಗೆ ಮಾಡಿಕೋ’ ಅಂದರೆ ಜ್ವರ ಇಳಿಯುತ್ತದೆಯೇ? ಮಾತ್ರೆ ಶುರುವಾದ ಮೇಲೆ ಸ್ವಲ್ಪ ಗುಣ ಕಂಡ ಕೂಡಲೇ ‘ಇನ್ನು ಸಾಕು ಬಿಡು’ ಅನ್ನಬೇಡಿ. ವೈದ್ಯರು ಹೇಳುವವರೆಗೆ ತೆಗೆದುಕೊಳ್ಳಬೇಕು. ಏಕಾಏಕಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು.

ಅತ್ತೆಯಂದಿರೇ, ನೀವೂ ಒಂದು ಕಾಲದಲ್ಲಿ ಯಾರಿಗೂ ಹೇಳದೆ ಬಚ್ಚಲಮನೆಯಲ್ಲಿ ನೀರು ಬಿಟ್ಟುಕೊಂಡು ಅತ್ತವರೇ. ಸೊಸೆಯ ಕಣ್ಣು ಕೆಂಪಾಗಿದ್ದರೆ ‘ಈರುಳ್ಳಿ ಹೆಚ್ಚಿದೆ’ ಎಂಬ ಅವಳ ಮಾತನ್ನು ಅಷ್ಟು ಸುಲಭವಾಗಿ ನಂಬಬೇಡಿ.

ನಮ್ಮ ಮನೆಯಲ್ಲಿ ಅತ್ತೆಯವರ ಕಾಲದಿಂದ ಒಂದು ನಂದಾದೀಪ ಇದೆ. ಅತ್ತೆಯವರು ಹಾಸಿಗೆ ಹಿಡಿದಾಗಲೂ, "ದೀಪಕ್ಕೆ ಎಣ್ಣೆ ಹಾಕಿದೆಯಾ?" ಅಂತ ದಿನಾ ಕೇಳುತ್ತಿದ್ದರು. ಅದು ಆರಬಾರದು ಅಂತ ನಾನು ರಾತ್ರಿಯಲ್ಲಿ ಎದ್ದು ಎಣ್ಣೆ ನೋಡಿ ಬಂದದ್ದೆಷ್ಟೋ ಸಲ. ನನ್ನೊಳಗೆ ಎಣ್ಣೆ ತೀರುತ್ತಾ ಬಂದದ್ದು ಮಾತ್ರ ನನಗೇ ಕಾಣಲಿಲ್ಲ. ನಾದಿನಿ ಕಂಡಳು.

ಈಗ ಅವಳು ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. "ಅತ್ತಿಗೆ, ಹೇಗಿದ್ದೀರಿ?" ಅನ್ನುತ್ತಾಳೆ. ನಾನು ಒಂದು ಕ್ಷಣ ಯೋಚಿಸಿ, ಇದ್ದದ್ದು ಇದ್ದ ಹಾಗೇ ಹೇಳುತ್ತೇನೆ. ಚೆನ್ನಾಗಿದ್ದರೆ ಚೆನ್ನಾಗಿದ್ದೀನಿ, ಇಲ್ಲದಿದ್ದರೆ ಇಲ್ಲ.

ಇವತ್ತು ಸಂಜೆ ದೀಪ ಹಚ್ಚಿದ ಮೇಲೆ ನೀವೂ ಒಬ್ಬರಿಗೆ ಫೋನ್ ಮಾಡಿ. ತಂಗಿಗೋ, ಓರಗಿತ್ತಿಗೋ, ಹಳೆಯ ಗೆಳತಿಗೋ. ಹೇಗಿದ್ದೀಯ ಅಂತ ಕೇಳಿ. ಅವರು ‘ಏನಿಲ್ಲ’ ಅಂದರೆ ಇನ್ನೊಂದು ಸಲ ಕೇಳಿ.

ಕತ್ತರಿಸಿ ಇಟ್ಟುಕೊಳ್ಳಿ

• ಎರಡು ವಾರ ಮೀರಿದ ಬೇಸರ, ನಿದ್ದೆಗೇಡು, ನಿರಾಸಕ್ತಿ: ವೈದ್ಯರನ್ನು ಕಾಣಿ.
• ಮೊದಲು ರಕ್ತ ಪರೀಕ್ಷೆ: ಹಿಮೋಗ್ಲೋಬಿನ್, ಥೈರಾಯ್ಡ್, ಬಿ12.
• ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ನಡುವೆ ಬಿಡಬೇಡಿ.
• ದಿನಕ್ಕೆ ಏಳು ಗಂಟೆ ನಿದ್ದೆ, ಅರ್ಧ ಗಂಟೆ ನಡಿಗೆ, ಅರ್ಧ ಗಂಟೆ ನಿಮ್ಮದೇ ಸಮಯ.
• ಹೆರಿಗೆಯ ನಂತರ ವಿಚಿತ್ರ ಮಾತು, ನಡವಳಿಕೆ ಕಂಡರೆ ಅದೇ ದಿನ ಆಸ್ಪತ್ರೆಗೆ.
• ಟೆಲಿ ಮಾನಸ್: 14416. ಮಹಿಳಾ ಸಹಾಯವಾಣಿ: 181.